ಅಕ್ಕಾವ್ರ ವಹಿ ಮತ್ತು ಹನ್ನೊಂದು ದಿನ

ಎಂ.ಎ. ಪ್ರಬಂಧಕ್ಕೆ ಅಮೇರಿಕೆಗೆ ಹೋಗಿ ನೆಲೆಸಿದ ಮೊದಮೊದಲ ಜರ್ಮನ್ನರ ಚರಿತ್ರೆಯನ್ನು ನಾನು ಆರಿಸಿಕೊಂಡಿದ್ದೇನೆ ಎಂದಾಗ ಮನೆಯಲ್ಲಿ ಗಟ್ಟಿಯಾಗಿ ನಕ್ಕವಳು ಮೌಶಿ. ಮೌಶಿ ಅಂದರೆ ನನ್ನ ತಾಯಿಯ ಅಕ್ಕ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಹುಬ್ಬಳ್ಳಿಯ ತನ್ನ ಮನೆಗೆ ಕರೆತಂದು ಬೆಳೆಸಿದವಳು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು, ಮಡಿ-ಮೈಲಿಗೆಯಲ್ಲಿ ಬಲು ಕಟ್ಟುನಿಟ್ಟು. ಬಾಯಿ ಮಾತ್ರ ಯಾರಿಗೂ ಅಂಜಿದ್ದಲ್ಲ.

"ಅಲ್ಲಾ, ನೀ ಇರೂದು ಹುಬ್ಬಳ್ಳ್ಯಾಗ," ಅಂದಳು. "ಬರಿಯೂದು ಅಮೇರಿಕಾದ ಮ್ಯಾಲೆ. ಅದೂ ಅಲ್ಲಿಯವರ ಮ್ಯಾಲೆ ಅಲ್ಲ, ಅಲ್ಲಿಗೆ ಹೋದ ಜರ್ಮನಿಯವರ ಮ್ಯಾಲೆ. ಅವರಿಬ್ಬರ ನಡುವ ನಿನಗೇನು ಕೆಲಸ ಅದ?"

ಕೇಳಬೇಕಾದ ಪ್ರಶ್ನೆಯೇ. ನನ್ನ ಜೊತೆ ಓದುತ್ತಿದ್ದವರೆಲ್ಲ ಚಾಲುಕ್ಯರು, ವಿಜಯನಗರ ಎಂದು ಹಂಚಿಕೊಂಡು ಕೂತಿದ್ದರು. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಬಿ.ಎ.ಗೆ ಓದಿದ ಒಂದು ದಪ್ಪ ಇಂಗ್ಲಿಷ್ ಪುಸ್ತಕದಲ್ಲಿ ಅಮೇರಿಕೆಯ ವಸಾಹತುಗಳ ಕಥೆ ಇತ್ತು. ಇಂಗ್ಲಿಷರಿಗೆ ಪುಟಗಟ್ಟಲೆ ಜಾಗ, ಜರ್ಮನ್ನರಿಗೆ ಒಂದೇ ಪ್ಯಾರಾ. ಅವರು ಕಷ್ಟಜೀವಿಗಳು, ಮಿತವಾಗಿ ಬದುಕುವವರು ಎಂದು ಹೇಳಿ ಲೇಖಕ ಮುಂದೆ ಹೋಗಿಬಿಟ್ಟಿದ್ದ. ಅಂಥದೇ ಇನ್ನೊಂದು ಪುಸ್ತಕದಲ್ಲಿ ನಮ್ಮ ಕಡೆಯ ರೈತರ ಬಗ್ಗೆಯೂ ಒಂದು ಪ್ಯಾರಾ ಇತ್ತು, ಹೆಚ್ಚುಕಡಿಮೆ ಅದೇ ಶಬ್ದಗಳಲ್ಲಿ. ಒಂದು ಪ್ಯಾರಾದಲ್ಲಿ ಮುಗಿಸಿಬಿಡುವಂಥ ಮನುಷ್ಯರು ಯಾವ ದೇಶದಲ್ಲೂ ಇರುವುದಿಲ್ಲ ಎಂಬ ಹಟ ನನ್ನದು. ಪ್ರಾಧ್ಯಾಪಕರು ಎರಡು ತಿಂಗಳು ಬೇಡವೆಂದರು, ಆಮೇಲೆ ನನ್ನ ಕಾಟ ತಾಳಲಾರದೆ ಹೂಂ ಅಂದರು. ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸುಮಾರು ಒಂದು ವರ್ಷ ಮೊದಲಿನ ಮಾತು.

ದಿನಾ ಬೆಳಗಿನ ಗಾಡಿಗೆ ಹುಬ್ಬಳ್ಳಿಯಿಂದ ಧಾರವಾಡದ ಕಾಲೇಜಿಗೆ ಹೋಗಿ ಸಂಜೆಯ ಗಾಡಿಗೆ ತಿರುಗಿ ಬರುತ್ತಿದ್ದೆ. ಹಟವೇನೋ ಹಿಡಿದೆ, ಸಾಮಗ್ರಿ ಎಲ್ಲಿಂದ ತರಬೇಕು? ಮುಂಬಯಿಯಿಂದ ಪಾರ್ಸಲ್ಲಿನಲ್ಲಿ ಬಂದ ನಾಲ್ಕಾರು ಪುಸ್ತಕಗಳಲ್ಲೂ ಅದೇ ಪ್ಯಾರಾ, ಸ್ವಲ್ಪ ಹಿಗ್ಗಿಸಿ ಬರೆದದ್ದು. ಆಗ ನೆನಪಾದವರು ಅಕ್ಕಾವ್ರು.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕಾವ್ರು ಅನ್ನುತ್ತೇವೆ. ಈ ಅಕ್ಕಾವ್ರು ಜರ್ಮನಿಯವರು. ಇಪ್ಪತ್ತರ ಹರೆಯದಲ್ಲಿ ಪಾದ್ರಿಗಳ ಮಿಶನ್ನಿನ ಜೊತೆ ಧಾರವಾಡಕ್ಕೆ ಬಂದು, ಹೆಣ್ಣುಮಕ್ಕಳಿಗೆ ಕಲಿಸುತ್ತ ಇಲ್ಲೇ ತಲೆ ನೆರೆತವರು. ಮದುವೆಯಾಗಿರಲಿಲ್ಲ. ತಾಯಿ ಇದ್ದಾಗ ನಾವು ಧಾರವಾಡದಲ್ಲೇ ಇದ್ದೆವು, ಆಗ ಮೂರನೆಯ ಇಯತ್ತೆಯಲ್ಲಿ ನನಗೆ ಲೆಕ್ಕ ಕಲಿಸಿದವರು ಅವರೇ. ಹಲಗೆ ಬಳಪ ಮುಟ್ಟಗೊಡುತ್ತಿರಲಿಲ್ಲ. ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸಿ ಎಣಿಸಬೇಕು, ಬಾಯಿಬಿಟ್ಟು ಎಣಿಸಬೇಕು. ತಪ್ಪಿದರೆ ಮೊದಲಿಂದ. ಅವರ ಕನ್ನಡ ಎಂಥದೆಂದರೆ, ಕಣ್ಣು ಮುಚ್ಚಿ ಕೇಳಿದರೆ ಧಾರವಾಡದ ಮಾಳಮಡ್ಡಿ ಓಣಿಯ ಯಾವುದೋ ಮನೆಯ ಆಯಿ ಸೊಸೆಯನ್ನು ಗದರಿಸುತ್ತಿದ್ದಾಳೆ ಅನ್ನಿಸಬೇಕು. ಅವರ ಎದುರು ಕನ್ನಡ ಮಾತಾಡುವಾಗ ನಾನು ನನ್ನ ಕನ್ನಡವನ್ನು ತಿದ್ದಿಕೊಳ್ಳುತ್ತಿದ್ದೆ.

ಸಾಲಿಯ ಹಿಂದಿನ ಎರಡು ಕೋಣೆಗಳಲ್ಲಿ ಅವರ ವಾಸ. ನಾನು ಹೋಗಿ ವಿಷಯ ಹೇಳಿ, ಆ ಪ್ಯಾರಾ ಓದಿ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಪ್ಯಾರಾದಾಗ ನಮ್ಮವರೂ ಅದಾರ, ತಂಗಿ," ಅಂದರು.

ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ವಹಿ ತಂದರು. ಚರ್ಮದ ರಟ್ಟು, ಅಂಚೆಲ್ಲ ಸವೆದಿತ್ತು. ಅವರ ಮುತ್ತಜ್ಜನ ಮುತ್ತಜ್ಜನಿಗೆ ಒಬ್ಬ ತಮ್ಮನಿದ್ದನಂತೆ. ಸುಮಾರು ಇನ್ನೂರು ವರ್ಷದ ಹಿಂದೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ ಅಮೇರಿಕೆಯ ಪೆನ್ಸಿಲ್ವೇನಿಯಾಕ್ಕೆ ಹೋದವನು. ಅಲ್ಲಿಂದ ಅಣ್ಣನಿಗೆ ಆರು ಕಾಗದ ಬರೆದಿದ್ದ. ಮೂಲ ಕಾಗದಗಳು ಅವರ ಊರಿನ ಚರ್ಚಿನಲ್ಲಿದ್ದವು. ಅವರ ಅಜ್ಜ ಅವನ್ನು ಅಕ್ಷರಕ್ಕೆ ಅಕ್ಷರ ಈ ವಹಿಯಲ್ಲಿ ನಕಲು ಮಾಡಿದ್ದರು. ಇಂಥ ಕಾಗದಗಳಿಗಾಗಿ ನಾನು ಮುಂಬಯಿ ಪುಣೆಗೆಲ್ಲ ಪತ್ರ ಬರೆದು ಕಾಯುತ್ತ ಕೂತಿದ್ದೆ, ಅವು ನಮ್ಮ ಸಾಲಿಯ ಹಿತ್ತಿಲಲ್ಲಿದ್ದವು.

ಜರ್ಮನ್ ಭಾಷೆಯನ್ನು ಕಾಲೇಜಿನಲ್ಲಿ ಎರಡು ವರ್ಷ ಅಷ್ಟಿಷ್ಟು ಕಲಿತಿದ್ದೆ. ಆದರೆ ವಹಿ ಬಿಚ್ಚಿದರೆ ಒಂದು ಅಕ್ಷರವೂ ತಿಳಿಯಲಿಲ್ಲ. ಅದು ಹಳೆಯ ಕಾಲದ ಕೈಬರಹ, ಎಲ್ಲ ಅಕ್ಷರಗಳೂ ಮೊನಚು ಮೊನಚಾಗಿ ಒಂದೇ ಥರ ಕಾಣುತ್ತಿದ್ದವು. ಅದನ್ನೂ ಅಕ್ಕಾವ್ರೇ ಕಲಿಸಿದರು. ವಾರಕ್ಕೆ ಮೂರು ದಿನ ಕಾಲೇಜು ಮುಗಿಸಿ ಅವರ ಕೋಣೆಗೆ ಹೋಗುವುದು, ಅವರು ಒಂದೊಂದು ಸಾಲು ಓದಿ ಅದನ್ನು ಕನ್ನಡದಲ್ಲಿ ಹೇಳುವುದು, ನಾನು ಬರೆದುಕೊಳ್ಳುವುದು, ಆಮೇಲೆ ಅದೇ ಸಾಲನ್ನು ನಾನು ಓದಿ ಒಪ್ಪಿಸುವುದು. ಹಾಗಾಗಿ ಆ ಜರ್ಮನ್ ರೈತ ನನಗೆ ಪರಿಚಯವಾದದ್ದು ಅಪ್ಪಟ ಧಾರವಾಡದ ಮಾತಿನಲ್ಲಿ.

"ಅಣ್ಣಾ, ಇಲ್ಲೆ ಮಣ್ಣು ಭಾಳ ಛಲೋ ಅದ. ಆದ್ರ ಮಣ್ಣು ಕಾಣಬೇಕಾದ್ರ ಮೊದಲ ಗಿಡಾ ಕಡೀಬೇಕು. ಒಂದು ಗಿಡಾ ಕಡೀಲಿಕ್ಕೆ ನನಗೂ ಅಕಿಗೂ ಮೂರು ದಿನಾ ಹಿಡೀತು. ಮನಿ ಇನ್ನೂ ಆಗಿಲ್ಲ. ಮೊದಲ ದನದ ಕೊಟ್ಟಿಗಿ ಕಟ್ಟೇವಿ. ದನಾ ಬೆಚ್ಚಗಿದ್ರ ಅವುಗಳ ಮಗ್ಗಲಿಗೆ ನಾವೂ ಬೆಚ್ಚಗ ಮಲಗತೇವಿ."

ಇಂಥ ಸಾಲು ಬಂದಾಗ ನಾನು ಲೇಖಣಿ ಕೆಳಗಿಟ್ಟುಬಿಡುತ್ತಿದ್ದೆ. ಅರಮನೆಯನ್ನು ಬಿಟ್ಟು ಬಂದವರ ಕಥೆ ಅಲ್ಲ ಇದು. ತಮ್ಮ ಊರಿನಲ್ಲಿ ತುಂಡು ನೆಲವೂ ಉಳಿಯದೆ ಹೊರಟವರು. ನದಿಯ ದೋಣಿಯಲ್ಲಿ ವಾರಗಟ್ಟಲೆ, ಬಂದರಿನಲ್ಲಿ ಕಾಯುತ್ತ ವಾರಗಟ್ಟಲೆ, ಆಮೇಲೆ ಸಮುದ್ರದ ಮೇಲೆ ತಿಂಗಳುಗಟ್ಟಲೆ. ಹೋಗಿ ಇಳಿದ ಮೇಲೆ ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಕಾಡು. ಅಂಥಲ್ಲಿ ತನಗಿಂತ ಮೊದಲು ದನಕ್ಕೆ ಸೂರು ಕಟ್ಟಿದ ಮನುಷ್ಯನನ್ನು 'ಮಿತವಾಗಿ ಬದುಕುವವನು' ಎಂದು ಬರೆದು ಕೈತೊಳೆದುಕೊಂಡವನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಸಂಜೆ ಮನೆಗೆ ಬಂದರೆ ಮೌಶಿ ಮೊದಲು ಹಿತ್ತಿಲಿಗೆ ಅಟ್ಟುತ್ತಿದ್ದಳು. ಪಾದ್ರಿ ಮಂದಿಯ ಮನೆಗೆ ಹೋಗಿ ಬಂದವಳು ಸೀರೆ ಬದಲಿಸದೆ ಒಳಗೆ ಕಾಲಿಡುವ ಹಾಗಿರಲಿಲ್ಲ. ಅಷ್ಟಾದ ಮೇಲೆ ನಡುಮನೆಯಲ್ಲಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತು, ಏನೂ ಆಸಕ್ತಿ ಇಲ್ಲದವಳ ಹಾಗೆ ಕೇಳುತ್ತಿದ್ದಳು: "ಇವತ್ತೇನು ಬರದಾನ ನಿಮ್ಮಂವ?"

ನಾನು ಓದುತ್ತಿದ್ದೆ. ಹೆಂಡತಿ ಲಂಗದ ಅಂಚಿನೊಳಗೆ ಅಗಸೆಯ ಬೀಜ ಹೊಲಿದುಕೊಂಡು ಹೋಗಿದ್ದಳು ಎಂದು ಓದಿದ ದಿನ ಮೌಶಿಯ ಕೈ ನಿಂತುಬಿಟ್ಟಿತು.

"ಅಗಸಿ ಬೀಜಾನ? ನಮ್ಮ ಅಗಸಿ?"

"ಹೂಂ ಮೌಶಿ. ಅವರು ಅದರ ನಾರಿನಿಂದ ಬಟ್ಟಿ ನೇಯ್ತಾರ."

"ಅಗದಿ ಶಾಣ್ಯಾಕಿ ಬಿಡು," ಅಂದಳು. ಮೌಶಿಯ ಬಾಯಿಂದ ಅಷ್ಟು ಹೊಗಳಿಕೆ ನಾನು ಮೆಟ್ರಿಕ್ ಪಾಸಾದಾಗಲೂ ಬಂದಿರಲಿಲ್ಲ.

ಎರಡನೆಯ ಕಾಗದ ಮಾತ್ರ ಅಕ್ಕಾವ್ರು ಕಡೆಗೆ ಓದಿಸಿದರು. ಅದರಲ್ಲಿ ಆ ರೈತನ ಹೆಣ್ಣುಕೂಸಿನ ಕಥೆ ಇತ್ತು. ಎರಡು ವರ್ಷದ ಕೂಸು ಹಡಗಿನಲ್ಲಿ ಜ್ವರ ಬಂದು, ದಂಡೆ ಕಣ್ಣಿಗೆ ಕಾಣುತ್ತಿದ್ದ ದಿನ ಬೆಳಗ್ಗೆ ತೀರಿಕೊಂಡಿತು. ಹಡಗಿನಲ್ಲಿ ಸತ್ತವರನ್ನು ಸಮುದ್ರಕ್ಕೆ ಬಿಡುವುದು ಪದ್ಧತಿ. ತಂದೆ ಯಾರಿಗೂ ಹೇಳಲಿಲ್ಲ. ಹೆಂಡತಿಯ ಶಾಲಿನಲ್ಲಿ ಕೂಸನ್ನು ಸುತ್ತಿ, ಮಲಗಿದೆ ಅನ್ನುವ ಹಾಗೆ ಎದೆಗೆ ಆನಿಸಿಕೊಂಡು ಮರುದಿನದವರೆಗೂ ಕೂತ. "ಅಣ್ಣಾ, ಹಡಗದವರು ಬಂದು ನೋಡಿದಾಗೆಲ್ಲಾ ಜೋಗುಳಾ ಹಾಡಿದೆ. ಮರುದಿನಾ ಇಳದ್ವಿ. ರಾಜಾಗ ನಿಷ್ಠಿಯಿಂದ ಇರ್ತೇನಿ ಅಂತ ಕಚೇರ್ಯಾಗ ಆಣಿ ಮಾಡಿ ಸಹಿ ಹಾಕಿದೆ. ಆಮ್ಯಾಲೆ ಕೂಸಿನ್ನ ಮಣ್ಣಾಗ ಇಟ್ಟೆ. ನಮ್ಮ ಹೊಸಾ ದೇಶದಾಗ ಮೊದಲ ಮನಿ ಕಟ್ಟಿದ್ದು ಅಕಿಗೆ."

ಓದಿ ಮುಗಿಸಿ ಅಕ್ಕಾವ್ರು ಹೇಳಿದರು: "ಅವತ್ತಿನಿಂದ ನಮ್ಮ ಮನೆತನದಾಗ ಪ್ರತಿ ಪೀಳಿಗ್ಯಾಗ ಒಂದು ಹುಡುಗಿಗೆ ಆ ಕೂಸಿನ ಹೆಸರು ಇಡತಾರ. ಈ ಪೀಳಿಗ್ಯಾಗ ಅದು ನಂದು."

ಆ ಸಂಜೆ ಮೌಶಿ ಬತ್ತಿಯ ತಟ್ಟೆ ಬದಿಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದಾದ ಮೇಲೆ ನನ್ನನ್ನು ಸೀರೆ ಬದಲಿಸಲು ಅಟ್ಟುವಾಗ ಮೊದಲಿನ ಗಡಸು ಇರಲಿಲ್ಲ.

ಯುದ್ಧ ಶುರುವಾಯಿತು. ಧಾರವಾಡದಲ್ಲಿದ್ದ ಜರ್ಮನ್ ಗಂಡಸರನ್ನು ಸರಕಾರ ಹಿಡಿದು ಎಲ್ಲೋ ಶಿಬಿರಕ್ಕೆ ಸಾಗಿಸಿತು. ಅಕ್ಕಾವ್ರು ಮುದುಕಿ, ಹೆಂಗಸು ಎಂದು ಸದ್ಯಕ್ಕೆ ಬಿಟ್ಟಿದ್ದರು. ವಾರಕ್ಕೊಮ್ಮೆ ಪೊಲೀಸು ಕಚೇರಿಗೆ ಹೋಗಿ ಸಹಿ ಮಾಡಿ ಬರಬೇಕು. ಅವರು ಛತ್ರಿ ಹಿಡಿದು, ಸಾಲಿಗೆ ಹೋಗುವ ನಡಿಗೆಯಲ್ಲೇ ಅಲ್ಲಿಗೂ ಹೋಗಿಬರುತ್ತಿದ್ದರು.

ಅದೇ ಹೊತ್ತಿಗೆ ನನಗೆ ಮುಂಬಯಿಯಿಂದ ಒಂದು ಪುಸ್ತಕ ಬಂತು. ಆ ಕಾಲದಲ್ಲಿ ಪೆನ್ಸಿಲ್ವೇನಿಯಾದ ಬಂದರಿನಲ್ಲಿ ಇಳಿದ ಜರ್ಮನ್ ಗಂಡಸರ ಪಟ್ಟಿಗಳು, ಇಂಗ್ಲಿಷ್ ಕಚೇರಿಯ ಕಡತದಿಂದ ಅಚ್ಚು ಹಾಕಿದ್ದು. ಯಾವ ಹಡಗು, ಯಾರು ಯಾವ ದಿನ ಆಣೆ ಮಾಡಿದರು ಎಲ್ಲ ಇತ್ತು. ಹುಡುಕಿದೆ. ನಮ್ಮವನು ಸಿಕ್ಕ! ಕಾಲೇಜಿನ ವಾಚನಾಲಯದಲ್ಲಿ ಕುರ್ಚಿ ಬಿಟ್ಟು ಎದ್ದು ನಿಂತೆ. ಆಮೇಲೆ ದಿನ ನೋಡಿದೆ. ಕಾಗದದಲ್ಲಿ ಅವನು ಇಳಿದೆ ಎಂದು ಬರೆದ ದಿನಕ್ಕಿಂತ ಪಟ್ಟಿಯ ದಿನ ಹನ್ನೊಂದು ದಿನ ಮೊದಲಿತ್ತು.

ಅಂದರೆ ಏನು? ಕೂಸು ತೀರಿದ್ದು ಇಂಥ ದಿನ ಎಂದು ಅವನೇ ಬರೆದಿದ್ದಾನೆ. ಆ ದಿನಕ್ಕೆ ಅವನು ದಂಡೆಗೆ ಇಳಿದು ಹತ್ತು ದಿನವಾಗಿತ್ತು. ಹಾಗಿದ್ದ ಮೇಲೆ ಹಡಗೆಲ್ಲಿ, ಶಾಲು ಎಲ್ಲಿ, ಜೋಗುಳವೆಲ್ಲಿ? ಕೂಸು ಸತ್ತದ್ದು ನೆಲದ ಮೇಲೆ. ಅನ್ನವಿಲ್ಲದೆಯೋ ಆರೈಕೆಯಿಲ್ಲದೆಯೋ ಸತ್ತಿರಬೇಕು. ಊರಿನಲ್ಲಿರುವ ಅಣ್ಣ ಬೈಯಬಾರದು ಎಂದು ಇವನು ಸಮುದ್ರದ ಮೇಲೆ ಹಾಕಿ ಕಥೆ ಕಟ್ಟಿದ್ದಾನೆ. ಹೀಗೆಂದು ನಾನು ತೀರ್ಮಾನಿಸಿದೆ.

ಆಗ ನನಗೆ ಇಪ್ಪತ್ಮೂರು. ಸಂಶೋಧನೆ ಎಂದರೆ ಸುಳ್ಳು ಹಿಡಿಯುವುದು ಎಂದು ತಿಳಿದಿದ್ದ ವಯಸ್ಸು. ಒಂದು ಅಧ್ಯಾಯ ಬರೆದೆ. ಇಂಥ ಕಾಗದಗಳನ್ನು ನಂಬುವಾಗ ಎಚ್ಚರ ಬೇಕು, ವಲಸಿಗ ತನ್ನ ತಪ್ಪನ್ನು ಮುಚ್ಚಿಕೊಳ್ಳಲು ಘಟನೆಗಳನ್ನು ಸೃಷ್ಟಿಸುತ್ತಾನೆ ಎಂದು ಬರೆದು, ಉದಾಹರಣೆಗೆ ಆ ಕೂಸನ್ನೇ ಕೊಟ್ಟೆ. ಬರೆದದ್ದಷ್ಟೇ ಅಲ್ಲ, ನನ್ನ ಜಾಣತನ ನೋಡಲಿ ಎಂದು ಅದನ್ನು ಒಯ್ದು ಅಕ್ಕಾವ್ರ ಕೈಗೇ ಕೊಟ್ಟೆ. ಅದನ್ನು ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವರು ಪೂರ್ತಿ ಓದಿದರು. ಪಟ್ಟಿಯ ಪುಸ್ತಕ ಕೇಳಿ ತೆಗೆದುಕೊಂಡು ದಿನವನ್ನು ತಾವೇ ನೋಡಿದರು. ವಹಿಯ ದಿನವನ್ನೂ ನೋಡಿದರು. ನಾನು ಶಾಬಾಸ್‌ಗಿರಿಗಾಗಿ ಕಾಯುತ್ತ ಕೂತಿದ್ದೆ.

"ಅಕ್ಷರ ಛಲೋ ಓದಲಿಕ್ಕೆ ಕಲತಿ," ಅಂದರು. ವಹಿಯನ್ನು ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು. "ನಾ ಐವತ್ತಾರು ವರ್ಷ ಈ ಹೆಸರು ಹೊತಗೊಂಡು ತಿರಗೇನಿ. ಇದು ಸುಳ್ಳಂದ್ರ ನನಗ ಮೊದಲ ಗೊತ್ತಾಗಬೇಕಿತ್ತು. ಇರ್ಲಿ. ಮನಿಗೆ ಹೋಗು ತಂಗಿ, ಗಾಡಿ ತಪ್ಪತದ."

ಗಾಡಿಗೆ ಇನ್ನೂ ಒಂದೂವರೆ ತಾಸು ಇತ್ತು. ನಾನು ಎದ್ದು ಬಂದೆ. ಹಾಗೆ ಅವರು ನನ್ನನ್ನು ಕಳಿಸಿದ್ದು ಅದೇ ಮೊದಲು. ಮುಂದೆ ಮೂರು ವಾರ ಅವರ ಕಡೆ ಹೋಗಲಿಲ್ಲ. ತಪ್ಪು ಮಾಡಿದ್ದೇನೆ ಅನ್ನಿಸಲಿಲ್ಲ, ಅದೇ ಕೆಟ್ಟದ್ದು. ನಿಜ ಹೇಳಿದ್ದೇನೆ, ಅವರು ಸಹಿಸಲಿಲ್ಲ ಎಂದೇ ಅಂದುಕೊಂಡಿದ್ದೆ. ಆದರೂ ಮಾಳಮಡ್ಡಿಯ ರಸ್ತೆಯಲ್ಲಿ ಯಾರಾದರೂ ಛತ್ರಿ ಹಿಡಿದು ಬರುತ್ತಿದ್ದರೆ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದೆ.

ಇಲ್ಲಿ ನಮ್ಮ ಮನೆಯ ಗೋಡೆಯ ವಿಷಯ ಹೇಳಬೇಕು. ನಮ್ಮದು ವೈಷ್ಣವರ ಮನೆ. ಗೋಡೆಯ ಆಚೆ ಸ್ಮಾರ್ತರ ಮನೆ. ಎರಡೂ ಮನೆಗಳಲ್ಲಿ ಗೂಟಕ್ಕೆ ಒಂದೊಂದು ಪಂಚಾಂಗ ತೂಗುತ್ತಿತ್ತು, ಬೇರೆ ಬೇರೆ. ಹಾಗಾಗಿ ಎಷ್ಟೋ ಸಲ ಅವರ ಏಕಾದಶಿ ಒಂದು ದಿನ, ನಮ್ಮದು ಮರುದಿನ. ಮೌಶಿ ಉಪವಾಸ ಇದ್ದ ದಿನ ನಾನು ಆಚೆ ಮನೆಯಲ್ಲಿ ಉಂಡು ಬರುತ್ತಿದ್ದೆ. ಅವರ ಉಪವಾಸದ ದಿನ ಅವರ ಮಕ್ಕಳು ನಮ್ಮಲ್ಲಿ ಉಣ್ಣುತ್ತಿದ್ದರು. ನಾನು ಕಾಕು ಎಂದು ಕರೆಯುತ್ತಿದ್ದ ಆಚೆ ಮನೆಯ ಹೆಂಗಸು ಮತ್ತು ಮೌಶಿ ಗೋಡೆಯ ಎರಡು ಬದಿಗೆ ನಿಂತು, ನಿಮ್ಮದು ತಪ್ಪು ನಮ್ಮದು ಸರಿ ಎಂದು ಇಪ್ಪತ್ತು ವರ್ಷ ವಾದ ಮಾಡಿದ್ದಾರೆ. ಮಾತು ಬಿಟ್ಟದ್ದು ಒಂದು ದಿನವೂ ಇಲ್ಲ.

ಒಂದು ಸಂಜೆ ಮೌಶಿ ಬತ್ತಿ ಹೊಸೆಯುತ್ತ ಕೇಳಿದಳು: "ಯಾಕ, ನಿಮ್ಮಂವ ಕಾಗದಾ ಬರಿಯೂದು ಬಿಟ್ಟನೇನು?"

ನಾನು ಎಲ್ಲ ಹೇಳಿದೆ. ಅವನು ಸುಳ್ಳುಗಾರ, ಕೂಸಿನ ಕಥೆಯೇ ಸುಳ್ಳು, ಸರಕಾರದ ಕಡತದಲ್ಲಿ ದಿನ ಬೇರೆ ಇದೆ ಎಂದೆ. ಮೌಶಿಗೆ ಸಿಟ್ಟೇ ಬಂತು.

"ಸತ್ತ ಕೂಸಿನ ಮ್ಯಾಲೆ ಯಾವ ತಂದಿ ಸುಳ್ಳ ಹೇಳ್ತಾನ? ನೀ ನೋಡಿದ್ದೇನು?"

"ಹನ್ನೊಂದು ದಿನಾ ಫರಕ ಅದ ಮೌಶಿ. ಒಂದಲ್ಲ ಎರಡಲ್ಲ."

"ಇರ್ಲಿ. ಕಾಗದಾ ಬರದಂವ ಯಾವ ಪಂಚಾಂಗ ನೋಡ್ತಿದ್ದ? ಆ ಕಚೇರ್ಯಾಗ ಬರಕೊಂಡವ್ರು ಯಾವ ಪಂಚಾಂಗ ನೋಡ್ತಿದ್ರು?"

"ಅವರಿಗೆಲ್ಲಾ ಎಲ್ಲಿ ಪಂಚಾಂಗ ಮೌಶಿ," ಎಂದು ನಕ್ಕೆ. "ಅವರದು ಕ್ಯಾಲೆಂಡರ್. ಜಗತ್ತಿಗೆಲ್ಲ ಒಂದ."

"ಒಂದು ಗ್ವಾಡಿ ಆಚಿಗೆ ಈಚಿಗೆ ಎರಡದಾವ," ಅಂದಳು ಮೌಶಿ. "ಜಗತ್ತಿಗೆಲ್ಲ ಹ್ಯಾಂಗ ಒಂದ ಇರ್ತದ?"

ನಗು ಬಾಯಲ್ಲೇ ಉಳಿಯಿತು. ಎಲ್ಲೋ ಏನೋ ಓದಿದ್ದೆ. ಎದ್ದು ಹೋಗಿ ಪೆಟ್ಟಿಗೆಯ ತಳದಿಂದ ಆ ದಪ್ಪ ಪುಸ್ತಕವನ್ನು ತೆಗೆದೆ, ಜರ್ಮನ್ನರಿಗೆ ಒಂದು ಪ್ಯಾರಾ ಕೊಟ್ಟದ್ದು. ಪುಟ ತಿರುವಿ ತಿರುವಿ ಹುಡುಕಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ: ಇಂಗ್ಲಿಷರೂ ಅವರ ವಸಾಹತುಗಳೂ ಹದಿನೆಂಟನೆಯ ಶತಮಾನದ ನಡುವಿನವರೆಗೆ ಹಳೆಯ ಕ್ಯಾಲೆಂಡರನ್ನೇ ಹಿಡಿದಿದ್ದರು, ಯುರೋಪಿನ ಹೆಚ್ಚಿನ ದೇಶಗಳು ಅದಕ್ಕೆ ಮೊದಲೇ ಹೊಸದಕ್ಕೆ ಬದಲಾಗಿದ್ದವು, ಆ ಶತಮಾನದಲ್ಲಿ ಹಳೆಯದು ಹೊಸದಕ್ಕಿಂತ ಹನ್ನೊಂದು ದಿನ ಹಿಂದೆ. ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿತ್ತು. ಎಳೆದವಳು ನಾನೇ. ಪರೀಕ್ಷೆಗೆ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತಿದ್ದೆ.

ಪಟ್ಟಿ ಬರೆದ ಇಂಗ್ಲಿಷ್ ಕಾರಕೂನ ತನ್ನ ಪಂಚಾಂಗ ನೋಡಿ ಬರೆದಿದ್ದ. ಕೂಸನ್ನು ಕಳೆದುಕೊಂಡ ಜರ್ಮನ್ ರೈತ ತನ್ನೂರಿನ ಅಣ್ಣನಿಗೆ ತನ್ನೂರಿನ ಪಂಚಾಂಗದಂತೆ ಬರೆದಿದ್ದ. ಎರಡೂ ಒಂದೇ ದಿನ. ಅವನ ಒಂದು ಮಾತೂ ಸುಳ್ಳಲ್ಲ. ಏಕಾದಶಿಗೊಮ್ಮೆ ಗೋಡೆ ದಾಟಿ ಹೋಗಿ ಉಂಡು ಬರುತ್ತಿದ್ದ ನನಗೆ ಇದು ಹೊಳೆಯಲಿಲ್ಲ, ಇಂಗ್ಲಿಷಿನ ಒಂದಕ್ಷರ ಬರದ ಮೌಶಿಗೆ ಹೊಳೆಯಿತು. ನಾಚಿಕೆ ಒಂದು ಕಡೆ, ಸಂತೋಷ ಒಂದು ಕಡೆ. ಪುಸ್ತಕ ಹಿಡಿದುಕೊಂಡು ಮೌಶಿಯ ಎದುರು ಕೂತು ಅತ್ತೆ.

"ಅಳೂದು ಆಮ್ಯಾಲೆ," ಅಂದಳು. "ಮುಂಜಾನೆ ಮೊದಲ ಗಾಡಿಗೆ ಹೋಗು. ಹೋಗಿ ಅವರಿಗೆ ಹೇಳು."

ಹೋದೆ. ಅಕ್ಕಾವ್ರ ಕೋಣೆಗೆ ಬೀಗ. ಸಾಲಿಯ ಕಸ ಗುಡಿಸುವ ಹೆಂಗಸು ಹೇಳಿದಳು: "ಅಕ್ಕಾವ್ರನ್ನ ಪೊಲೀಸ್ರು ಕರಕೊಂಡು ಹೋದ್ರವ್ವಾ. ಪುಣೆ ಕಡೆ ಯಾವದೋ ಊರಿಗಂತ. ಈಗಷ್ಟ ಟೇಸನಕ್ಕ ಹೋದ್ರು."

ಟಾಂಗಾದವನಿಗೆ ಲಗೂ ಹೊಡಿ ಎಂದು ಎಷ್ಟು ಸಲ ಹೇಳಿದೆನೋ, ಕುದುರೆ ನಿಮ್ಮ ಅವಸರ ಕೇಳೂದಿಲ್ಲರಿ ಬಾಯಾರ ಎಂದು ಅವನೂ ಬೇಸತ್ತ. ಸ್ಟೇಶನ್ನಿನಲ್ಲಿ ಗಾಡಿ ಇನ್ನೂ ಬಂದಿರಲಿಲ್ಲ. ಅಕ್ಕಾವ್ರು ಪ್ಲಾಟ್‌ಫಾರ್ಮಿನ ಕಟ್ಟಿಗೆಯ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಕಾಲ ಬಳಿ ಒಂದು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಛತ್ರಿ. ಮಡಿಲಲ್ಲಿ ಒಂದು ಬಟ್ಟೆಯ ಚೀಲ. ಪಕ್ಕದಲ್ಲಿ ಪೊಲೀಸು ಜಮಾದಾರ ನಿಂತಿದ್ದ. ನಾನು ಓಡಿ ಬಂದದ್ದನ್ನು ನೋಡಿ ಅವನು ಅಡ್ಡ ಬಂದ. ಎರಡು ಮಾತು ಆಡಬೇಕು ಎಂದೆ.

"ಹಂಗ ಬಿಡೂಹಂಗಿಲ್ಲರಿ," ಅಂದ. ಆಮೇಲೆ ಅಕ್ಕಾವ್ರ ಕಡೆ ನೋಡಿ ತಲೆ ತುರಿಸಿಕೊಂಡ. "ನನ್ನ ಮಗಳೂ ಇವರ ಕೈಯಾಗ ಕಲ್ತಾಳ್ರಿ. ನಾ ಅಲ್ಲೆ ಚಾ ಕುಡ್ಯಾಕ ಹೋಗಾಕತ್ತೇನಿ. ಗಾಡಿ ಬರೂದ್ರಾಗ ಮುಗಸ್ರಿ." ಹೋಗಿ ನಮಗೆ ಬೆನ್ನು ಮಾಡಿ ನಿಂತುಕೊಂಡ.

ನಾನು ಬೆಂಚಿನ ಎದುರು ನೆಲದ ಮೇಲೆಯೇ ಕುಕ್ಕರುಗಾಲಿನಲ್ಲಿ ಕೂತೆ. ಏದುಸಿರು ಇನ್ನೂ ನಿಂತಿರಲಿಲ್ಲ. ಪುಸ್ತಕ ತೆರೆದು ಅಡಿಟಿಪ್ಪಣಿ ತೋರಿಸಿದೆ. ಎರಡು ಪಂಚಾಂಗದ ಮಾತು, ಮೌಶಿ ಕೇಳಿದ ಪ್ರಶ್ನೆ, ಎಲ್ಲ ಹೇಳಿದೆ. "ಅಂವ ಖರೇನ ಬರದಾನ್ರಿ ಅಕ್ಕಾವ್ರ. ತಪ್ಪು ನಂದು."

ಅವರು ಅಡಿಟಿಪ್ಪಣಿಯನ್ನು ತಾವೇ ಓದಿದರು. ಪಟ್ಟಿಯಲ್ಲಿದ್ದ ದಿನ ಯಾವುದು ಎಂದು ಕೇಳಿದರು. ಹೇಳಿದೆ. ಎಡಗೈ ಎತ್ತಿದರು. ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿನ ಮೇಲೆ ಇಟ್ಟರು. ಮೂರನೆಯ ಇಯತ್ತೆಯಲ್ಲಿ ನಮಗೆ ಕಲಿಸಿದ ಹಾಗೆ, ಬಾಯಿಬಿಟ್ಟು, ಕನ್ನಡದಲ್ಲಿ ಎಣಿಸಿದರು. "ಒಂದು, ಎರಡು, ಮೂರು." ಒಂದೊಂದಕ್ಕೂ ಹೆಬ್ಬೆರಳು ಒಂದೊಂದು ಗೆಣ್ಣು ಸರಿಯುತ್ತಿತ್ತು. ಹನ್ನೊಂದಕ್ಕೆ ನಿಂತರು. ಆ ಗೆಣ್ಣಿನ ಮೇಲೆ ಹೆಬ್ಬೆರಳು ಹಾಗೇ ಒತ್ತಿಹಿಡಿದು ಹೇಳಿದರು:

"ಮರುದಿನಾನ ಇಳದಾರ. ಇಳದ ದಿನಾನ ಮಣ್ಣಾಗ ಇಟ್ಟಾನ."

"ಹೌದ್ರಿ."

"ಸಮುದ್ರಕ್ಕ ಕೊಡಲಿಲ್ಲ."

"ಇಲ್ರಿ ಅಕ್ಕಾವ್ರ. ಕೊಡಲಿಲ್ಲ."

ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ. ಬೇಗ ಕಣ್ಣೊರೆಸಿಕೊಂಡು ಚೀಲದಿಂದ ವಹಿ ತೆಗೆದರು. ಜರ್ಮನ್ ಭಾಷೆಯ ಕಾಗದ ಪತ್ರ ಏನಿದ್ದರೂ ಶಿಬಿರದಲ್ಲಿ ತಪಾಸಣೆಗೆ ತೆಗೆದುಕೊಳ್ಳುತ್ತಾರೆ, ತಿರುಗಿ ಕೊಡುತ್ತಾರೆಂಬ ನಂಬಿಕೆ ಇಲ್ಲ ಎಂದು ಅವರಿಗೆ ತಿಳಿಸಿದ್ದರಂತೆ. ಆದರೂ ಒಯ್ಯುತ್ತಿದ್ದರು. ಬಿಟ್ಟು ಹೋಗಲು ಯಾರೂ ಇರಲಿಲ್ಲ.

"ಇದನ್ನ ಓದಲಿಕ್ಕೆ ಬರೂದು ಈ ಜಿಲ್ಲಾದಾಗ ಇನ್ನ ನಿನಗೊಬ್ಬಾಕಿಗೆ," ಎಂದು ವಹಿಯನ್ನು ನನ್ನ ಕೈಯಲ್ಲಿಟ್ಟರು. "ನಿನ್ನ ಕಡೆ ಇರ್ಲಿ. ಆ ಅಧ್ಯಾಯ ಹರದು ಹಾಕಿ ಮೊದಲಿಂದ ಬರಿ. ಮತ್ತ ನಿಮ್ಮ ಮೌಶಿಯವರಿಗೆ ನನ್ನ ನಮಸ್ಕಾರ ಹೇಳು. ಅವರು ನನ್ನ ವರ್ಗದಾಗ ಇದ್ದಿದ್ರ ಮೊದಲನೇ ನಂಬರ ಬರತಿದ್ರು."

ಗಾಡಿ ಬಂತು. ಜಮಾದಾರ ಪೆಟ್ಟಿಗೆಯನ್ನು ತಾನೇ ಹೊತ್ತು ಒಳಗಿಟ್ಟ. ಅಕ್ಕಾವ್ರು ಕಿಟಕಿಯಿಂದ ಕೈಬೀಸಲಿಲ್ಲ; ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅಧ್ಯಾಯವನ್ನು ಮೊದಲಿಂದ ಬರೆದೆ. ಎರಡು ಕ್ಯಾಲೆಂಡರಿನ ವಿಷಯಕ್ಕೆ ಅಡಿಟಿಪ್ಪಣಿ ಕೊಟ್ಟು, ಇದನ್ನು ನನಗೆ ತೋರಿಸಿದವರು ನನ್ನ ಮೌಶಿ ಎಂದು ಸೇರಿಸಿದ್ದೆ. ಪ್ರಾಧ್ಯಾಪಕರು ಆ ಸಾಲನ್ನು ಹೊಡೆದುಹಾಕಿದರು, ಪ್ರಬಂಧದಲ್ಲಿ ಮೌಶಿ ಬರಬಾರದಂತೆ. ಪ್ರಬಂಧಕ್ಕೆ ಪದವಿ ಬಂತು. ಯಾರೂ ಅದನ್ನು ಅಚ್ಚು ಹಾಕಲಿಲ್ಲ. ನನಗೆ ಬೇಸರವಿಲ್ಲ, ಒಂದು ಪ್ಯಾರಾದ ಮಂದಿ ನನ್ನ ಕೈಯಲ್ಲಿ ಇನ್ನೂರು ಪುಟ ಬೆಳೆದರು.

ಯುದ್ಧ ಮುಗಿದ ಮೇಲೆ ಅಕ್ಕಾವ್ರನ್ನು ಶಿಬಿರದಿಂದ ಸೀದಾ ಅವರ ದೇಶಕ್ಕೆ ಕಳಿಸಿಬಿಟ್ಟರು. ಧಾರವಾಡ ನೋಡಲು ಬಿಡಲಿಲ್ಲ. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು, ಬಸುರಿಯಾಗಿ ಮೌಶಿಯ ಮನೆಗೆ ಬಂದಿದ್ದೆ. ಆಗ ಅವರ ಒಂದು ಕಾರ್ಡು ಬಂತು, ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ. ಊರಿನ ಚರ್ಚು ಬಾಂಬಿಗೆ ಸುಟ್ಟಿದೆ, ಮೂಲ ಕಾಗದಗಳು ಹೋದವು, ನಿನ್ನ ಕೈಯಲ್ಲಿರುವ ವಹಿ ಒಂದೇ ಉಳಿದದ್ದು ಎಂದು ಬರೆದಿದ್ದರು. ಅವರ ಸ್ವಂತ ಅಣ್ಣನ ಮಕ್ಕಳು ಯುದ್ಧದಲ್ಲಿ ತೀರಿಹೋದರಂತೆ. "ಆ ಕೂಸಿನ ಹೆಸರು ಇಡಲಿಕ್ಕೆ ಮನೆಯಲ್ಲಿ ಇನ್ನು ಯಾರೂ ಇಲ್ಲ. ಅದು ನನ್ನೊಂದಿಗೆ ಮುಗಿಯಿತು." ಮೌಶಿಗೆ ಓದಿ ಹೇಳಿದೆ. ಅವಳು ಕಾರ್ಡನ್ನು ಇಸಿದುಕೊಂಡು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಸೀರೆ ಬದಲಿಸಲು ಹೋಗಲಿಲ್ಲ.

ನನಗೆ ಹೆಣ್ಣುಮಗು ಆಯಿತು. ಹನ್ನೆರಡನೆಯ ದಿನ ತೊಟ್ಟಿಲಲ್ಲಿ ಹಾಕಿದರು. ನಮ್ಮಲ್ಲಿ ಆವತ್ತು ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾರೆ. ಮಾಸದ ಹೆಸರು, ನಕ್ಷತ್ರದ ಹೆಸರು, ಕರೆಯುವ ಹೆಸರು ಎಂದು ಮೂರೋ ನಾಲ್ಕೋ. ಮುತ್ತೈದೆಯರು ಹೇಳಬೇಕು. ಮೌಶಿ ವಿಧವೆ, ಅವಳು ಮುಂದೆ ಬರುವ ಹಾಗಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಶಾಸ್ತ್ರ ಮುಗಿದು ಎಲ್ಲರೂ ಊಟಕ್ಕೆ ಕೂತರು. ನಾನು ಕೂಸಿನ ಹತ್ತಿರ ಒಬ್ಬಳೇ ಇದ್ದೆ.

ಮೌಶಿ ಕೈ ಒರೆಸಿಕೊಳ್ಳುತ್ತ ಬಂದಳು.

"ಆ ಹೆಸರು ಹ್ಯಾಂಗ ಹೇಳಬೇಕು, ಇನ್ನೊಮ್ಮೆ ಹೇಳು," ಅಂದಳು.

ಹೇಳಿದೆ. ಅವಳು ಎರಡು ಸಲ ಬಾಯಲ್ಲೇ ಹೇಳಿ ನೋಡಿಕೊಂಡಳು. ಆಮೇಲೆ ತೊಟ್ಟಿಲಿಗೆ ಬಗ್ಗಿ, ಸೆರಗು ಮರೆ ಮಾಡಿ, ನನ್ನ ಮಗಳ ಕಿವಿಯಲ್ಲಿ ಅದನ್ನು ಹೇಳಿದಳು.